ಬಿಲ್ಡ್ ಎಂಬ ದೀರ್ಘ ನಿರೀಕ್ಷೆ: ಬೃಹತ್ ತಂತ್ರಾಂಶಗಳು ಬೇಗ ಸಿದ್ಧವಾಗುವುದು ಹೇಗೆ?

ಮೊಬೈಲಿನ ಅಥವಾ ಕಂಪ್ಯೂಟರಿನ ಪರದೆಯ ಮೇಲೆ 'ಹೊಸ ಅಪ್‌ಡೇಟ್ ಲಭ್ಯವಿದೆ' ಎಂಬ ಸೂಚನೆಯನ್ನು ನೋಡದವರು ವಿರಳ. 'ನಾಳೆ ನೋಡಿದರಾಯಿತು' ಎಂದು ಅದನ್ನು ಪಕ್ಕಕ್ಕೆ ಸರಿಸುವವರೇ ಹೆಚ್ಚು. ಆದರೆ ಆ ಪುಟ್ಟ ಸೂಚನೆ ನಮ್ಮ ಪರದೆಗೆ ಬಂದು ತಲುಪುವ ಮುನ್ನ ತಂತ್ರಾಂಶ ತಯಾರಕರು ಒಂದು ಓಟವನ್ನೇ ಓಡಿರುತ್ತಾರೆ. ಓಟದ ಇನ್ನೊಂದು ಬದಿಯಲ್ಲಿರುವವರು ಕಂಪ್ಯೂಟರ್ ಕಳ್ಳರು.

ಗೂಗಲ್‌ನ ಕ್ರೋಮ್ ಬ್ರೌಸರನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಅದರ ಆಧಾರವಾದ ಕ್ರೋಮಿಯಂ ಒಂದು ಮುಕ್ತ ತಂತ್ರಾಂಶ. ಅದರ ಮೂಲ ಸಂಕೇತಗಳು (ಸೋರ್ಸ್ ಕೋಡ್) ಎಲ್ಲರ ಕಣ್ಣಿಗೂ ಬೀಳುವಂತಿರುತ್ತವೆ. ಭದ್ರತಾ ಲೋಪವೊಂದನ್ನು ಸರಿಪಡಿಸಿದ ಕೂಡಲೇ ಆ ತಿದ್ದುಪಡಿಯೂ ಬಹಿರಂಗವಾಗುತ್ತದೆ. ತಿದ್ದುಪಡಿಯನ್ನು ಓದಿದ ದುಷ್ಕರ್ಮಿಗೆ ಲೋಪ ಎಲ್ಲಿತ್ತೆಂಬುದು ತಿಳಿದುಹೋಗುತ್ತದೆ. ಹೀಗಾಗಿ, ತಿದ್ದುಪಡಿ ಪ್ರಕಟವಾದ ಕ್ಷಣದಿಂದ ಅದು ಬಳಕೆದಾರನ ಯಂತ್ರವನ್ನು ಸೇರುವವರೆಗಿನ ಅವಧಿಯೇ ಅಪಾಯದ ಅವಧಿ. ಕ್ರೋಮ್ ಭದ್ರತಾ ತಂಡ 2023ರ ಆಗಸ್ಟ್‌ನಲ್ಲಿ ನೀಡಿದ ವಿವರಣೆಯ ಪ್ರಕಾರ, ಈ ಅವಧಿ ಹಿಂದೆ ಸರಾಸರಿ 35 ದಿನಗಳಷ್ಟಿತ್ತು. ಎರಡು ವಾರಗಳಿಗೊಮ್ಮೆ ಅಪ್‌ಡೇಟ್ ನೀಡಲಾರಂಭಿಸಿದ ಮೇಲೆ ಅದು ಸುಮಾರು 15 ದಿನಗಳಿಗೆ ಇಳಿಯಿತು. ಅದನ್ನೂ ಇನ್ನಷ್ಟು ಕುಗ್ಗಿಸಲು 116ನೇ ಆವೃತ್ತಿಯಿಂದ ವಾರಕ್ಕೊಮ್ಮೆ ಭದ್ರತಾ ಅಪ್‌ಡೇಟ್ ನೀಡುವ ಪದ್ಧತಿ ಜಾರಿಗೆ ಬಂತು.

ಈ ಸರಪಣಿಯಲ್ಲಿ ಕೊಂಡಿಗಳು ಹಲವು. ತಿದ್ದುಪಡಿಯನ್ನು ಪರಿಶೀಲಿಸಬೇಕು, ಪರೀಕ್ಷಿಸಬೇಕು, ಹಂತಹಂತವಾಗಿ ಹಂಚಬೇಕು. ಆದರೆ ಈ ಎಲ್ಲ ಕೊಂಡಿಗಳನ್ನೂ ಬೆಸೆಯುವ, ಹೊರಗಿನವರ ಕಣ್ಣಿಗೆ ಅಷ್ಟಾಗಿ ಬೀಳದ ಕೆಲಸವೊಂದಿದೆ. ಅದಕ್ಕೆ ತಂತ್ರಾಂಶ ಲೋಕದಲ್ಲಿ 'ಬಿಲ್ಡ್' ಎಂದು ಹೆಸರು. ಬಿಲ್ಡ್ ನಿಧಾನವಾದರೆ ಉಳಿದೆಲ್ಲವೂ ನಿಧಾನ. ಅದನ್ನು ವೇಗಗೊಳಿಸುವ ಪ್ರಯತ್ನಕ್ಕೆ ಅರ್ಧ ಶತಮಾನದ ಇತಿಹಾಸವಿದೆ.

ಬಿಲ್ಡ್ ಎಂದರೇನು?

ಮನುಷ್ಯರು ಓದಿ ಬರೆಯಬಲ್ಲ ರೂಪದಲ್ಲಿರುವ ಮೂಲ ಸಂಕೇತಗಳನ್ನು ಕಂಪ್ಯೂಟರ್ ನೇರವಾಗಿ ನಡೆಸಲಾರದು. 'ಕಂಪೈಲರ್' ಎಂಬ ತಂತ್ರಾಂಶ ಪ್ರತಿಯೊಂದು ಕಡತವನ್ನೂ ಯಂತ್ರಭಾಷೆಗೆ ಪರಿವರ್ತಿಸುತ್ತದೆ. ಹೀಗೆ ಪರಿವರ್ತಿತವಾದ ಸಾವಿರಾರು ತುಣುಕುಗಳನ್ನು 'ಲಿಂಕರ್' ಎಂಬ ಇನ್ನೊಂದು ತಂತ್ರಾಂಶ ಒಂದಕ್ಕೊಂದು ಜೋಡಿಸಿ ಪೂರ್ಣರೂಪ ನೀಡುತ್ತದೆ. ಬಳಿಕ ಅದು ಸರಿಯಾಗಿ ಕೆಲಸ ಮಾಡುತ್ತಿದೆಯೇ ಎಂಬ ಪರೀಕ್ಷೆಗಳು ನಡೆಯುತ್ತವೆ. ಈ ಇಡೀ ಪ್ರಕ್ರಿಯೆಯನ್ನು ಮನುಷ್ಯರ ಕೈ ತಾಗದಂತೆ ಯಂತ್ರಗಳೇ ನಡೆಸುವುದಕ್ಕೆ ಸ್ವಯಂಚಾಲಿತ ಬಿಲ್ಡ್ ಎನ್ನುತ್ತಾರೆ.

ದಿನಪತ್ರಿಕೆಯ ಮುದ್ರಣವನ್ನು ಬಲ್ಲವರಿಗೆ ಇದು ಸುಲಭವಾಗಿ ಅರ್ಥವಾದೀತು. ಹನ್ನೆರಡು ಪುಟಗಳ ಪತ್ರಿಕೆ ಅಚ್ಚಿಗೆ ಹೋಗುವ ಹೊತ್ತಿನಲ್ಲಿ ಮೂರನೆಯ ಪುಟದಲ್ಲಿ ಒಂದು ಕಾಗುಣಿತ ದೋಷ ಕಂಡಿತೆನ್ನಿ. ಆಗ ಮೂರನೆಯ ಪುಟವನ್ನು ತಿದ್ದಿ, ಆ ಪುಟದ ಪ್ಲೇಟನ್ನಷ್ಟೇ ಮತ್ತೆ ಮಾಡಿಸುತ್ತಾರೆಯೇ ಹೊರತು ಹನ್ನೆರಡೂ ಪುಟಗಳನ್ನು ಮೊದಲಿನಿಂದ ಕಟ್ಟುವುದಿಲ್ಲ. ಆದರೆ ತಿದ್ದಿದ್ದು ಮೂರನೆಯ ಪುಟಕ್ಕೆ ಮುಂದುವರಿದ ಮುಖಪುಟದ ಸುದ್ದಿಯ ಶೀರ್ಷಿಕೆಯಾದರೆ? ಆಗ ಮುಖಪುಟವನ್ನೂ ನೋಡಬೇಕು. ಯಾವ ಪುಟ ಯಾವ ಪುಟದ ಮೇಲೆ ಅವಲಂಬಿತವಾಗಿದೆ ಎಂಬುದು ಪುಟ ಕಟ್ಟುವವರಿಗೆ ಬಾಯಿಪಾಠವಾಗಿರುತ್ತದೆ. ಹನ್ನೆರಡರ ಬದಲಿಗೆ ಮೂವತ್ತು ಸಾವಿರ ಪುಟಗಳಿದ್ದರೆ ಆ ಬಾಯಿಪಾಠ ನಡೆಯದು. ಬೃಹತ್ ತಂತ್ರಾಂಶಗಳ ಬಿಲ್ಡ್ ಸಮಸ್ಯೆಯ ತಿರುಳು ಇಲ್ಲಿದೆ.

ಯಂತ್ರ ಬಲಿಷ್ಠವಾದರೂ ಸಮಯ ಇಳಿಯಲಿಲ್ಲ

ಕಂಪ್ಯೂಟರುಗಳು ವರ್ಷದಿಂದ ವರ್ಷಕ್ಕೆ ವೇಗಗೊಳ್ಳುತ್ತಿರುವಾಗ ಈ ಸಮಸ್ಯೆ ತಾನಾಗಿಯೇ ಬಗೆಹರಿಯಬೇಕಿತ್ತಲ್ಲವೇ ಎಂಬ ಪ್ರಶ್ನೆ ಸಹಜ. ಮೈಕ್ರೋಸಾಫ್ಟ್‌ನ ಅನುಭವ ಇದಕ್ಕೆ ಉತ್ತರ ನೀಡುತ್ತದೆ. ವಿಂಡೋಸ್ ಎನ್‌ಟಿಯ ನಿರ್ಮಾಣದಲ್ಲಿ ಪ್ರಮುಖ ಪಾತ್ರ ವಹಿಸಿದ್ದ ಮಾರ್ಕ್ ಲುಕೋವ್‌ಸ್ಕಿ 2000ದಲ್ಲಿ ನೀಡಿದ ಉಪನ್ಯಾಸವೊಂದರಲ್ಲಿ ಈ ಅಂಕಿಅಂಶಗಳನ್ನು ಮುಂದಿಟ್ಟಿದ್ದರು. 1993ರಲ್ಲಿ ಬಂದ ಎನ್‌ಟಿ 3.1 ಆವೃತ್ತಿಯನ್ನು ಆ ಕಾಲದ 486 ಯಂತ್ರದಲ್ಲಿ ಬಿಲ್ಡ್ ಮಾಡಲು 5 ಗಂಟೆ ಹಿಡಿಯುತ್ತಿತ್ತು. ವಿಂಡೋಸ್ 2000ದ ವೇಳೆಗೆ ನಾಲ್ಕು ಪೆಂಟಿಯಂ-3 ಕ್ಸಿಯಾನ್ ಪ್ರೊಸೆಸರುಗಳುಳ್ಳ ಯಂತ್ರ ಬಂದಿತ್ತು. ಆದರೂ ಬಿಲ್ಡ್‌ಗೆ 8 ಗಂಟೆ ಬೇಕಾಗಿತ್ತು! ಯಂತ್ರ ಎಷ್ಟೋ ಪಟ್ಟು ಬಲಿಷ್ಠವಾಯಿತು. ತಂತ್ರಾಂಶ ಅದಕ್ಕಿಂತಲೂ ವೇಗವಾಗಿ ಬೆಳೆಯಿತು.

ಹಾಗೆಂದು ಒಳ್ಳೆಯ ಯಂತ್ರದಿಂದ ಪ್ರಯೋಜನವೇ ಇಲ್ಲವೆಂದಲ್ಲ. ಲಿನಕ್ಸ್‌ನ ಜನಕ ಲೀನಸ್ ಟೋರ್ವಾಲ್ಡ್ಸ್ 2020ರ ಮೇ ತಿಂಗಳಿನಲ್ಲಿ ತಮ್ಮ ಹಳೆಯ ಯಂತ್ರವನ್ನು ಬದಲಿಸಿ 32 ಕೋರ್‌ಗಳ ಎಎಂಡಿ ಥ್ರೆಡ್‌ರಿಪ್ಪರ್ ಯಂತ್ರಕ್ಕೆ ಬಂದರು. ತಮ್ಮ ಪರೀಕ್ಷಾ ಬಿಲ್ಡ್‌ಗಳು ಮೂರು ಪಟ್ಟು ವೇಗವಾದವೆಂದು ಅವರು ಸಂತಸದಿಂದಲೇ ಹೇಳಿಕೊಂಡರು. ಹಣ ಕೊಟ್ಟು ಕೊಳ್ಳಬಹುದಾದ ವೇಗ ಇದು. ಆದರೆ ಇದು ಒಮ್ಮೆ ಸಿಗುವ ಲಾಭ. ತಂತ್ರಾಂಶ ಬೆಳೆದಂತೆಲ್ಲ ಈ ಲಾಭ ಕರಗುತ್ತ ಹೋಗುತ್ತದೆ. ಉಳಿಯುವ ಲಾಭ ಬೇಕಾದರೆ ಅನಗತ್ಯ ಕೆಲಸವನ್ನೇ ಬಿಟ್ಟುಬಿಡಬೇಕು. ಯಾವುದು ಅನಗತ್ಯವೆಂದು ಖಚಿತವಾಗಿ ತಿಳಿಯುವುದೇ ಕಷ್ಟ.

ಹಾಳಾದ ಒಂದು ಮುಂಜಾವಿನ ಕೊಡುಗೆ

ಈ ಕಷ್ಟಕ್ಕೆ ಮೊದಲ ಪರಿಹಾರ ದೊರೆತದ್ದು 1976ರಲ್ಲಿ, ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ. ಅಲ್ಲಿದ್ದ ಸ್ಟೀವ್ ಜಾನ್ಸನ್ ಒಂದು ದಿನ ತಮ್ಮ ಸಹೋದ್ಯೋಗಿ ಸ್ಟುವರ್ಟ್ ಫೆಲ್ಡ್‌ಮನ್ ಅವರ ಕೊಠಡಿಗೆ ಸಿಟ್ಟಿನಿಂದ ಬಂದರು. ಒಂದು ತಂತ್ರಾಂಶದಲ್ಲಿದ್ದ ದೋಷವನ್ನು ಅವರು ಆಗಲೇ ಸರಿಪಡಿಸಿದ್ದರು. ಆದರೆ ತಿದ್ದಿದ ಕಡತವನ್ನು ಮತ್ತೆ ಕಂಪೈಲ್ ಮಾಡಲು ಮರೆತಿದ್ದರು. ಹೀಗಾಗಿ ಸರಿಯಾಗಿದ್ದ ಸಂಕೇತದಲ್ಲಿ ಇಲ್ಲದ ತಪ್ಪನ್ನು ಹುಡುಕುತ್ತ ಇಡೀ ಮುಂಜಾನೆಯನ್ನು ಕಳೆದಿದ್ದರು. ಫೆಲ್ಡ್‌ಮನ್ ಅವರೂ ಹಿಂದಿನ ಸಂಜೆ ಇಂಥದೇ ಪೇಚಿಗೆ ಸಿಲುಕಿದ್ದರು. ಆ ವಾರಾಂತ್ಯದಲ್ಲಿಯೇ ಅವರು 'ಮೇಕ್' ಎಂಬ ಸಾಧನವನ್ನು ಬರೆದರು.

ಮೇಕ್‌ನ ಉಪಾಯ ಸರಳ. ಯಾವ ಕಡತ ಯಾವುದರ ಮೇಲೆ ಅವಲಂಬಿತವಾಗಿದೆ ಎಂಬುದನ್ನು ಪಟ್ಟಿಯಲ್ಲಿ ಬರೆದಿಡಬೇಕು. ಮೂಲ ಕಡತದ ಸಮಯಮುದ್ರೆ, ಅಂದರೆ ಅದನ್ನು ಕೊನೆಯ ಬಾರಿ ತಿದ್ದಿದ ವೇಳೆ, ಸಿದ್ಧ ಕಡತದ ಸಮಯಮುದ್ರೆಗಿಂತ ಹೊಸದಾಗಿದ್ದರೆ ಅದನ್ನು ಮತ್ತೆ ಕಂಪೈಲ್ ಮಾಡಬೇಕು. ಇಲ್ಲವಾದರೆ ಹಾಗೆಯೇ ಬಿಡಬೇಕು. ಅಷ್ಟೇ. ಈ ಸಾಧನಕ್ಕಾಗಿ ಫೆಲ್ಡ್‌ಮನ್ ಅವರಿಗೆ 2003ರಲ್ಲಿ ಎಸಿಎಂ ಸಂಸ್ಥೆಯ ತಂತ್ರಾಂಶ ವ್ಯವಸ್ಥೆ ಪ್ರಶಸ್ತಿ ಸಂದಿತು. ಮೇಕ್ ಇಂದಿಗೂ ಬಳಕೆಯಲ್ಲಿದೆ.

ಇಲ್ಲಿ ಓದುಗರು ಗಮನಿಸಬೇಕಾದ ಒಂದು ಅಂಶವಿದೆ. ಮೇಕ್ ಹುಟ್ಟಿದ್ದು ಕೇವಲ ವೇಗಕ್ಕಾಗಿ ಅಲ್ಲ; ನಂಬಿಕೆಗಾಗಿ. 'ತಿದ್ದಿದ್ದೆಲ್ಲವೂ ಸೇರಿದೆ' ಎಂಬ ಭರವಸೆ ಬೇಕಿತ್ತು. ಎಲ್ಲವನ್ನೂ ಪ್ರತಿ ಸಲ ಮೊದಲಿನಿಂದ ಮಾಡಿದರೆ ಭರವಸೆಯೇನೋ ಸಿಗುತ್ತದೆ, ಸಮಯ ಹೋಗುತ್ತದೆ. ಕೆಲವನ್ನು ಬಿಟ್ಟರೆ ಸಮಯ ಉಳಿಯುತ್ತದೆ, ಭರವಸೆ ಅಲುಗಾಡುತ್ತದೆ. ಅಂದಿನಿಂದ ಇಂದಿನವರೆಗೆ ಬಿಲ್ಡ್ ಕ್ಷೇತ್ರದ ಎಲ್ಲ ಸುಧಾರಣೆಗಳೂ ಈ ಎರಡು ದಡಗಳ ನಡುವೆಯೇ ಸಾಗಿ ಬಂದಿವೆ.

ಶುರುವಾಗುವುದಕ್ಕೇ ಹತ್ತು ಸೆಕೆಂಡು

ದೊಡ್ಡ ಯೋಜನೆಗಳಲ್ಲಿ ಮೇಕ್‌ನ ಮಿತಿಗಳು ಬಯಲಾಗತೊಡಗಿದವು. ಪ್ರತಿ ವಿಭಾಗಕ್ಕೂ ಪ್ರತ್ಯೇಕ ಪಟ್ಟಿ ಮಾಡಿ, ಒಂದು ಮೇಕ್ ಇನ್ನೊಂದು ಮೇಕನ್ನು ಕರೆಯುವ ಪದ್ಧತಿ ಎಲ್ಲೆಡೆ ಬೆಳೆದಿತ್ತು. ಆಸ್ಟ್ರೇಲಿಯಾದ ಪೀಟರ್ ಮಿಲ್ಲರ್ 1998ರ ತಮ್ಮ ಪ್ರಸಿದ್ಧ ಪ್ರಬಂಧದಲ್ಲಿ ಈ ಪದ್ಧತಿಯನ್ನು ಕಟುವಾಗಿ ವಿಮರ್ಶಿಸಿದರು. ಹೀಗೆ ಒಡೆದಾಗ ಯಾವ ಮೇಕ್‌ಗೂ ಇಡೀ ಚಿತ್ರ ಕಾಣುವುದಿಲ್ಲ. ಒಂದು ವಿಭಾಗದ ಬದಲಾವಣೆ ಇನ್ನೊಂದಕ್ಕೆ ತಿಳಿಯುವುದಿಲ್ಲ. ಪರಿಣಾಮವಾಗಿ ಒಂದೋ ಮಾಡಬೇಕಾದ ಕೆಲಸ ಬಿಟ್ಟುಹೋಗುತ್ತದೆ, ಇಲ್ಲವೇ ಮಾಡಬೇಕಿಲ್ಲದ ಕೆಲಸ ನಡೆಯುತ್ತದೆ. ಅವಲಂಬನೆಗಳ ನಕ್ಷೆ ಇಡಿಯಾಗಿರಬೇಕು ಎಂಬುದು ಅವರ ವಾದದ ಸಾರ.

ಕ್ರೋಮಿಯಂ ಯೋಜನೆಯಲ್ಲಿ ಮೂಲ ಕಡತಗಳ ಸಂಖ್ಯೆ 30 ಸಾವಿರವನ್ನು ದಾಟಿದಾಗ ಇನ್ನೊಂದು ವಿಚಿತ್ರ ಕಂಡುಬಂತು. ಒಂದೇ ಒಂದು ಕಡತವನ್ನು ತಿದ್ದಿದರೂ, ಏನು ಮಾಡಬೇಕೆಂದು ಲೆಕ್ಕ ಹಾಕುವುದಕ್ಕೇ ಆಗಿನ ಬಿಲ್ಡ್ ಸಾಧನಗಳು ಹತ್ತು ಸೆಕೆಂಡು ತೆಗೆದುಕೊಳ್ಳುತ್ತಿದ್ದವು. ಕೆಲಸ ಆರಂಭವಾಗುವುದು ಆಮೇಲೆ! ಗೂಗಲ್‌ನಲ್ಲಿದ್ದ ಇವಾನ್ ಮಾರ್ಟಿನ್ ಇದಕ್ಕಾಗಿ 'ನಿಂಜಾ' ಎಂಬ ಸಾಧನವನ್ನು ರಚಿಸಿದರು. ಮನುಷ್ಯರು ಬರೆಯಲು ಅನುಕೂಲವಾಗುವ ಸೌಲಭ್ಯಗಳನ್ನೆಲ್ಲ ಅವರು ಉದ್ದೇಶಪೂರ್ವಕವಾಗಿ ಕೈಬಿಟ್ಟರು. ಅವಲಂಬನೆಗಳ ಪಟ್ಟಿಯನ್ನು ಬೇರೊಂದು ಸಾಧನ ಮೊದಲೇ ಬರೆದು ಕೊಡುತ್ತದೆ. ನಿಂಜಾ ಅದನ್ನು ಓದಿ ಕೆಲಸಕ್ಕೆ ಇಳಿಯುತ್ತದೆ, ಅಷ್ಟೇ. ಹತ್ತು ಸೆಕೆಂಡಿನ ಪೀಠಿಕೆ ಒಂದು ಸೆಕೆಂಡಿನ ಒಳಗೆ ಮುಗಿಯತೊಡಗಿತು.

ಹತ್ತು ಸೆಕೆಂಡಿಗೆ ಇಷ್ಟೊಂದು ಗದ್ದಲವೇ ಎಂದು ಅನ್ನಿಸಬಹುದು. ದಿನಕ್ಕೆ ನೂರು ಬಾರಿ ತಿದ್ದಿ ನೋಡುವ ಎಂಜಿನಿಯರಿಗೆ ಅದರ ಬೆಲೆ ಗೊತ್ತು. ಉತ್ತರ ತಕ್ಷಣ ಬಂದರೆ ಮನಸ್ಸು ಕೆಲಸದ ಮೇಲೆ ನಿಲ್ಲುತ್ತದೆ. ತಡವಾದರೆ ಕೈ ಇನ್ನೊಂದು ಕಿಟಕಿಯತ್ತ, ಕಾಲು ಕಾಫಿ ಯಂತ್ರದತ್ತ ಹೊರಳುತ್ತದೆ.

ಎಳೆದರೆ ಇಡೀ ಬಲೆಯೇ ಬರುತ್ತದೆ

ಅವಲಂಬನೆಗಳನ್ನು ಸರಿಯಾಗಿ ಲೆಕ್ಕ ಹಾಕುವುದು ಒಂದು ಕೆಲಸವಾದರೆ, ಅವಲಂಬನೆಗಳನ್ನೇ ಕಡಿಮೆ ಮಾಡುವುದು ಇನ್ನೊಂದು. ಸಿ ಮತ್ತು ಸಿ++ ಭಾಷೆಗಳಲ್ಲಿ 'ಹೆಡರ್' ಎಂಬ ಕಡತಗಳಿರುತ್ತವೆ. ಹಲವು ಕಡತಗಳಿಗೆ ಬೇಕಾದ ಸಾಮಾನ್ಯ ವಿವರಗಳನ್ನು ಅವುಗಳಲ್ಲಿ ಇಟ್ಟಿರುತ್ತಾರೆ. ಒಂದು ಹೆಡರ್ ಇನ್ನೊಂದನ್ನು ಕರೆಯುತ್ತದೆ, ಅದು ಮತ್ತೊಂದನ್ನು. ಚಿಕ್ಕ ಕಡತವೊಂದನ್ನು ಕಂಪೈಲ್ ಮಾಡಹೊರಟ ಕಂಪೈಲರ್ ಕೊನೆಗೆ ಹತ್ತಾರು ಸಾವಿರ ಸಾಲುಗಳನ್ನು ಓದಬೇಕಾಗುತ್ತದೆ. ಮೇಲಿನ ಒಂದು ಹೆಡರ್ ಬದಲಾದರೆ ಅದನ್ನು ನೆಚ್ಚಿದ ಕಡತಗಳೆಲ್ಲವೂ ಮತ್ತೆ ಕಂಪೈಲ್ ಆಗಬೇಕು.

ಲಿನಕ್ಸ್ ಕರ್ನೆಲ್‌ನ ಹಿರಿಯ ಅಭಿವೃದ್ಧಿಕಾರ ಇಂಗೋ ಮೋಲ್ನಾರ್ ಈ ಸಿಕ್ಕನ್ನು ಬಿಡಿಸಲು 2020ರ ಕೊನೆಯಲ್ಲಿ ಕುಳಿತರು. ಕರ್ನೆಲ್‌ನಲ್ಲಿ ಸುಮಾರು 10 ಸಾವಿರ ಮುಖ್ಯ ಹೆಡರ್‌ಗಳಿದ್ದವು. ಐವತ್ತರಿಂದ ನೂರು ತಿದ್ದುಪಡಿಗಳಲ್ಲಿ ಕೆಲಸ ಮುಗಿದೀತೆಂಬುದು ಅವರ ಆರಂಭಿಕ ಅಂದಾಜಾಗಿತ್ತು. ಆದರೆ 2022ರ ಜನವರಿ ಆರಂಭದಲ್ಲಿ ಅವರು ತಮ್ಮ ಕೆಲಸವನ್ನು ಪ್ರಕಟಿಸಿದಾಗ ತಿದ್ದುಪಡಿಗಳ ಸಂಖ್ಯೆ 2,200ನ್ನು ಮೀರಿತ್ತು! ಫಲ ಮಾತ್ರ ಶ್ರಮಕ್ಕೆ ತಕ್ಕಂತೆಯೇ ಇತ್ತು. ಅವರ ಅಳತೆಯಲ್ಲಿ ಸುಮಾರು 231 ಸೆಕೆಂಡು ಹಿಡಿಯುತ್ತಿದ್ದ ಬಿಲ್ಡ್ 130 ಸೆಕೆಂಡಿಗೆ ಇಳಿದಿತ್ತು. ಗಂಟೆಗೆ 15.5 ಬಿಲ್ಡ್‌ಗಳ ಜಾಗದಲ್ಲಿ 27.7 ಬಿಲ್ಡ್‌ಗಳು ಸಾಧ್ಯವಾಗಿದ್ದವು. ಯಂತ್ರ ಅದೇ, ಕಂಪೈಲರ್ ಅದೇ. ಬದಲಾದದ್ದು ಸಂಕೇತದ ಜೋಡಣೆ ಮಾತ್ರ.

ಇಷ್ಟು ದೊಡ್ಡ ಬದಲಾವಣೆಯ ಕಂತೆ ಕರ್ನೆಲ್‌ಗೆ ಒಟ್ಟಿಗೇ ಸೇರ್ಪಡೆಯಾಗಲಿಲ್ಲ. ಕೆಲವು ಭಾಗಗಳಷ್ಟೇ ಸೇರಿದವು ಎಂಬುದನ್ನೂ ಹೇಳಬೇಕು. ಸಾವಿರಾರು ಜನ ಏಕಕಾಲದಲ್ಲಿ ವಾಸಿಸುತ್ತಿರುವ ಮನೆಯ ತೊಲೆಗಳನ್ನು ಬದಲಿಸುವುದು ಸುಲಭವಲ್ಲ. ವರ್ಷಗಳ ಕಾಲ ಬೆಳೆದ ಸಿಕ್ಕು ಬಿಡಿಸಿಕೊಳ್ಳುವುದಕ್ಕೂ ಕಾಲ ಕೇಳುತ್ತದೆ.

ಒಮ್ಮೆ ಮಾಡಿದ್ದನ್ನು ಮತ್ತೆ ಮಾಡಬೇಡಿ

ಮೂರನೆಯ ಮಾರ್ಗವೆಂದರೆ ಮಾಡಿದ ಕೆಲಸವನ್ನು ಜೋಪಾನವಾಗಿ ಕೂಡಿಡುವುದು. ಇದಕ್ಕೆ 'ಕ್ಯಾಶ್' ಎನ್ನುತ್ತಾರೆ. ಸಾಂಬಾ ತಂತ್ರಾಂಶದಿಂದ ಹೆಸರಾದ ಆಸ್ಟ್ರೇಲಿಯಾದ ಆಂಡ್ರ್ಯೂ ಟ್ರಿಜೆಲ್ ಬರೆದ 'ಸಿಕ್ಯಾಶ್' ಈ ದಾರಿಯ ಆರಂಭಿಕ ಸಾಧನಗಳಲ್ಲಿ ಪ್ರಮುಖವಾದುದು. ಅದು ಕಡತದ ಸಮಯಮುದ್ರೆಯನ್ನು ನೆಚ್ಚುವುದಿಲ್ಲ. ಒಳಗಿರುವ ವಿಷಯದಿಂದಲೇ ಒಂದು ಸಂಖ್ಯೆಯನ್ನು ಲೆಕ್ಕ ಹಾಕುತ್ತದೆ. ಈ ಸಂಖ್ಯೆ ಕಡತದ ಹೆಬ್ಬೆಟ್ಟಿನ ಗುರುತು ಇದ್ದಂತೆ. ಕಡತ, ಅದರ ಹೆಡರ್‌ಗಳು, ಕಂಪೈಲರಿಗೆ ನೀಡಿದ ಸೂಚನೆಗಳು ಎಲ್ಲವೂ ಹಿಂದಿನಂತೆಯೇ ಇದ್ದರೆ ಗುರುತು ಹೊಂದುತ್ತದೆ. ಆಗ ಕಂಪೈಲರನ್ನು ಕರೆಯದೆ, ಹಿಂದೆ ಕೂಡಿಟ್ಟ ಫಲಿತಾಂಶವನ್ನೇ ಎತ್ತಿ ಕೊಡಲಾಗುತ್ತದೆ. ಇದೇ ಹೊತ್ತಿನಲ್ಲಿ ಮಾರ್ಟಿನ್ ಪೂಲ್ ಬರೆದ 'ಡಿಸ್ಟ್‌ಸಿಸಿ' ಒಂದು ಯಂತ್ರದ ಕಂಪೈಲ್ ಕೆಲಸವನ್ನು ಜಾಲದಲ್ಲಿರುವ ಇತರ ಯಂತ್ರಗಳಿಗೆ ಹಂಚುವ ದಾರಿ ತೋರಿಸಿತು.

ಈ ಎರಡು ಉಪಾಯಗಳನ್ನು ಬೆರೆಸಿ ಬೃಹತ್ ಪ್ರಮಾಣಕ್ಕೆ ಒಯ್ದ ಸಂಸ್ಥೆಗಳಲ್ಲಿ ಗೂಗಲ್ ಮುಂಚೂಣಿಯಲ್ಲಿದೆ. 2015ರ ಜನವರಿಯ ಹೊತ್ತಿಗೆ ಆ ಕಂಪನಿಯ ಬಹುಪಾಲು ಸಂಕೇತಗಳನ್ನು ಹೊತ್ತ ಒಂದೇ ಭಂಡಾರದಲ್ಲಿ ಸುಮಾರು 200 ಕೋಟಿ ಸಾಲುಗಳಿದ್ದವು. ದಿನವೊಂದಕ್ಕೆ ಸುಮಾರು 40 ಸಾವಿರ ಬದಲಾವಣೆಗಳು ಸೇರುತ್ತಿದ್ದವು. ಅವುಗಳಲ್ಲಿ ಮನುಷ್ಯರು ಮಾಡುತ್ತಿದ್ದುದು 16 ಸಾವಿರ; ಉಳಿದವು ಯಂತ್ರಗಳವು. ಗೂಗಲ್‌ನವರೇ 2016ರಲ್ಲಿ ಪ್ರಕಟಿಸಿದ ಲೇಖನ ಈ ವಿವರಗಳನ್ನು ನೀಡಿದೆ. ಇಂಥಲ್ಲಿ ಪ್ರತಿಯೊಬ್ಬರೂ ಎಲ್ಲವನ್ನೂ ತಮ್ಮ ಯಂತ್ರದಲ್ಲಿ ಕಂಪೈಲ್ ಮಾಡುತ್ತ ಕುಳಿತರೆ ಕೆಲಸ ಸಾಗದು. ಗೂಗಲ್‌ನ 'ಬ್ಲೇಜ್' ವ್ಯವಸ್ಥೆಯಲ್ಲಿ ಒಬ್ಬರು ಕಂಪೈಲ್ ಮಾಡಿದ ತುಣುಕು ಎಲ್ಲರ ಪಾಲಿಗೂ ಒದಗುತ್ತದೆ. ಅದರ ಬಹುಭಾಗವನ್ನು 2015ರಲ್ಲಿ 'ಬೇಜಲ್' ಹೆಸರಿನಲ್ಲಿ ಸಾರ್ವಜನಿಕಗೊಳಿಸಲಾಯಿತು. ಊರ ಬಾವಿಯನ್ನು ಒಬ್ಬರು ತೋಡಿದರೆ ಎಲ್ಲರೂ ನೀರು ಸೇದಬಹುದೆಂಬಂಥ ಏರ್ಪಾಡಿದು.

ಸಾವಿರ ಯಂತ್ರಗಳಿದ್ದರೂ ಸಾಲದು

ಹಂಚಿ ಮಾಡುವುದಕ್ಕೂ ಒಂದು ಮಿತಿಯಿದೆ. ಜೀನ್ ಆಮ್ಡಾಲ್ 1967ರಲ್ಲಿ ಮಂಡಿಸಿದ ವಾದ ಇಲ್ಲಿ ಅನ್ವಯಿಸುತ್ತದೆ. ಉದಾಹರಣೆಗೆ, ಒಂದು ಬಿಲ್ಡ್‌ಗೆ 60 ನಿಮಿಷ ಬೇಕೆಂದುಕೊಳ್ಳೋಣ. ಅದರಲ್ಲಿ 50 ನಿಮಿಷದ ಕೆಲಸವನ್ನು ಹಂಚಬಹುದು. 10 ನಿಮಿಷದ ಕೆಲಸ ಒಂದಾದ ಮೇಲೊಂದರಂತೆ ನಡೆಯಲೇಬೇಕು. ಆಗ ಸಾವಿರ ಯಂತ್ರಗಳನ್ನು ತಂದು ನಿಲ್ಲಿಸಿದರೂ ಹತ್ತು ನಿಮಿಷಕ್ಕಿಂತ ಬೇಗ ಬಿಲ್ಡ್ ಮುಗಿಯದು. ಒಬ್ಬಟ್ಟು ತಟ್ಟಲು ಹತ್ತು ಕೈಗಳಿದ್ದರೂ ಹೂರಣ ಬೇಯುವವರೆಗೆ ಎಲ್ಲರೂ ಕಾಯಲೇಬೇಕಲ್ಲವೇ?

ಇಂಥ ಹಂಚಲಾಗದ ಕೆಲಸಗಳಲ್ಲಿ ಮುಖ್ಯವಾದುದು ಕೊನೆಯ ಜೋಡಣೆ. ಆದ್ದರಿಂದ ಲಿಂಕರುಗಳ ಸುಧಾರಣೆಗೂ ಬಹಳ ಶ್ರಮ ಸಂದಿದೆ. ಎಲ್‌ಎಲ್‌ಡಿ ಲಿಂಕರಿನ ರಚನೆಯಲ್ಲಿ ದುಡಿದಿದ್ದ ರುಯಿ ಉಯೆಯಾಮಾ ಅನಂತರ 'ಮೋಲ್ಡ್' ಎಂಬ ಹೊಸ ಲಿಂಕರ್ ಬರೆದರು. ಅದರ ಮೊದಲ ಪೂರ್ಣ ಆವೃತ್ತಿ 2021ರ ಡಿಸೆಂಬರ್‌ನಲ್ಲಿ ಹೊರಬಂತು. ಅವರು ಪ್ರಕಟಿಸಿದ ಅಳತೆಗಳ ಪ್ರಕಾರ, ಕ್ರೋಮ್ 96ರ ಜೋಡಣೆಗೆ 'ಗೋಲ್ಡ್' ಲಿಂಕರ್ ಸುಮಾರು 54 ಸೆಕೆಂಡು, ಎಲ್‌ಎಲ್‌ಡಿ ಸುಮಾರು 12 ಸೆಕೆಂಡು ತೆಗೆದುಕೊಂಡರೆ ಮೋಲ್ಡ್‌ಗೆ ಹಿಡಿದದ್ದು ಎರಡು ಸೆಕೆಂಡಿಗಿಂತ ತುಸು ಹೆಚ್ಚು ಮಾತ್ರ. ಹಂಚಲಾಗದು ಎಂದುಕೊಂಡಿದ್ದ ಕೆಲಸದಲ್ಲಿಯೂ ಹಂಚಬಹುದಾದ ಭಾಗಗಳನ್ನು ಹುಡುಕಿ ತೆಗೆದದ್ದು ಅವರ ಯಶಸ್ಸಿನ ಗುಟ್ಟು.

ಕೆಲವೊಮ್ಮೆ ವಿಳಂಬ ಕಂಪೈಲರಿನಲ್ಲಿಯೂ ಇರುವುದಿಲ್ಲ, ಲಿಂಕರಿನಲ್ಲಿಯೂ ಇರುವುದಿಲ್ಲ. ಮೈಕ್ರೋಸಾಫ್ಟ್ 2017ರಲ್ಲಿ ವಿಂಡೋಸ್‌ನ ಮೂಲ ಸಂಕೇತವನ್ನು 'ಗಿಟ್' ವ್ಯವಸ್ಥೆಗೆ ವರ್ಗಾಯಿಸಿತು. ಸುಮಾರು 35 ಲಕ್ಷ ಕಡತಗಳು, 300 ಗಿಗಾಬೈಟ್ ಗಾತ್ರ, 4 ಸಾವಿರ ಎಂಜಿನಿಯರುಗಳು, 440 ಶಾಖೆಗಳಲ್ಲಿ ದಿನಕ್ಕೆ 1,760 ಬಿಲ್ಡ್‌ಗಳು. ಮಾಮೂಲು ಗಿಟ್ ಬಳಸಿದರೆ ಇಡೀ ಭಂಡಾರವನ್ನು ಇಳಿಸಿಕೊಳ್ಳುವುದಕ್ಕೇ 12 ಗಂಟೆಗೂ ಹೆಚ್ಚು ಕಾಲ ಬೇಕಾಗುತ್ತಿತ್ತು. ಕಡತಗಳು ಇರುವಂತೆ ತೋರಿಸಿ, ತೆರೆದಾಗ ಮಾತ್ರ ತರಿಸಿಕೊಳ್ಳುವ ಏರ್ಪಾಡನ್ನು ಮೈಕ್ರೋಸಾಫ್ಟ್ ರೂಪಿಸಿದ ಮೇಲೆ ಅದು ಕೆಲವೇ ನಿಮಿಷಗಳ ಕೆಲಸವಾಯಿತು. ಇಲ್ಲಿಯೂ ಸೂತ್ರ ಅದೇ. ಬೇಕಿಲ್ಲದ್ದನ್ನು ಮುಟ್ಟಬೇಡಿ.

ಹತ್ತು ನಿಮಿಷದ ಗಡಿ

ಹಿಂದೆ ಬಿಲ್ಡ್ ಎಂಬುದು ರಾತ್ರಿಪಾಳಿಯ ಕೆಲಸವಾಗಿತ್ತು. ಹಗಲಿಡೀ ಎಲ್ಲರೂ ಬರೆದದ್ದನ್ನು ರಾತ್ರಿ ಒಟ್ಟುಗೂಡಿಸಿ ಬಿಲ್ಡ್ ಮಾಡುತ್ತಿದ್ದರು. ಬೆಳಿಗ್ಗೆ ಅದು ಮುರಿದು ಬಿದ್ದಿದ್ದರೆ, ತಪ್ಪು ಯಾರದೆಂದು ಹುಡುಕುವುದರಲ್ಲಿಯೇ ಅರ್ಧ ದಿನ ಕಳೆಯುತ್ತಿತ್ತು. ಮಾರ್ಟಿನ್ ಫೌಲರ್ 2000ದಲ್ಲಿ ಸಹೋದ್ಯೋಗಿಯೊಬ್ಬರೊಡನೆ ಬರೆದ ಲೇಖನ 'ನಿರಂತರ ಜೋಡಣೆ'ಯ ಪದ್ಧತಿಯನ್ನು ಜನಪ್ರಿಯಗೊಳಿಸಿತು. ಯಾರೇ ಏನೇ ಬದಲಿಸಿದರೂ ಕೂಡಲೇ ಬಿಲ್ಡ್ ಮಾಡಿ ಪರೀಕ್ಷಿಸಬೇಕೆಂಬುದು ಅದರ ತತ್ತ್ವ. ಅದಕ್ಕೆಂದೇ 2001ರಲ್ಲಿ 'ಕ್ರೂಸ್‌ಕಂಟ್ರೋಲ್', ಅನಂತರ 'ಹಡ್ಸನ್' ಎಂಬ ಸಾಧನಗಳು ಬಂದವು. ಹಡ್ಸನ್ 2011ರಲ್ಲಿ 'ಜೆಂಕಿನ್ಸ್' ಎಂಬ ಹೆಸರು ತಳೆದು ಇಂದಿಗೂ ವ್ಯಾಪಕ ಬಳಕೆಯಲ್ಲಿದೆ. ಬಿಲ್ಡ್ ಮತ್ತು ಪರೀಕ್ಷೆ ಹತ್ತು ನಿಮಿಷದೊಳಗೆ ಮುಗಿಯಬೇಕೆಂಬುದು 'ಎಕ್ಸ್‌ಟ್ರೀಮ್ ಪ್ರೋಗ್ರಾಮಿಂಗ್' ಪದ್ಧತಿಯವರು ಹಾಕಿಕೊಟ್ಟ ಗಡಿ.

ಈ ಗಡಿಯ ಹಿಂದೆ ಮನುಷ್ಯ ಸ್ವಭಾವದ ಲೆಕ್ಕಾಚಾರವಿದೆ. ಬಿಲ್ಡ್ ಬೇಗ ಮುಗಿದರೆ ಜನ ಸಣ್ಣ ಸಣ್ಣ ಬದಲಾವಣೆಗಳನ್ನು ಆಗಾಗ ಕಳುಹಿಸುತ್ತಾರೆ. ತಪ್ಪಾದರೆ ಹುಡುಕುವುದು ಸುಲಭ. ಬಿಲ್ಡ್‌ಗೆ ಎರಡು ಗಂಟೆ ಹಿಡಿದರೆ, 'ಹೇಗೂ ಕಾಯಬೇಕಲ್ಲ' ಎಂದು ಹತ್ತು ಬದಲಾವಣೆಗಳನ್ನು ಒಟ್ಟಿಗೆ ಕಟ್ಟಿ ಕಳುಹಿಸುತ್ತಾರೆ. ಅದು ಮುರಿದರೆ ಹತ್ತರಲ್ಲಿ ಯಾವುದು ಎಂದು ಹುಡುಕಬೇಕು. ನಿಧಾನವಾದ ಬಿಲ್ಡ್ ಹೀಗೆ ತಪ್ಪುಗಳನ್ನೂ ಹೆಚ್ಚಿಸುತ್ತದೆ. ಹಣದ ಲೆಕ್ಕವೂ ಸಣ್ಣದಲ್ಲ. ನೂರು ಎಂಜಿನಿಯರುಗಳು ದಿನಕ್ಕೆ ಐದು ಬಾರಿ ಬಿಲ್ಡ್ ಮಾಡುತ್ತಾರೆ, ಪ್ರತಿ ಬಾರಿ ಆರು ನಿಮಿಷ ಉಳಿಯಿತು ಎಂದಿಟ್ಟುಕೊಳ್ಳಿ. ದಿನವೊಂದಕ್ಕೆ 50 ಗಂಟೆಗಳ ನಿರೀಕ್ಷೆ ತಪ್ಪಿದಂತಾಯಿತು.

ಬಿಲ್ಡ್‌ನ ಅವಧಿಯಲ್ಲಿ ಪರೀಕ್ಷೆಗಳ ಪಾಲೇ ದೊಡ್ಡದಾಗಿರುವುದೂ ಉಂಟು. ಬದಲಾದ ಭಾಗಕ್ಕೆ ಸಂಬಂಧಪಟ್ಟ ಪರೀಕ್ಷೆಗಳನ್ನಷ್ಟೇ ಆಯ್ದು ನಡೆಸುವುದು ಒಂದು ಉಪಾಯ. ಇಲ್ಲಿಯೂ ಅವಲಂಬನೆಯ ನಕ್ಷೆಯೇ ದಾರಿದೀಪ. ಆದರೆ ಕೆಲವು ಪರೀಕ್ಷೆಗಳು ಚಂಚಲ ಸ್ವಭಾವದವು. ಸಂಕೇತ ಬದಲಾಗದಿದ್ದರೂ ಒಮ್ಮೆ ಪಾಸಾಗುತ್ತವೆ, ಒಮ್ಮೆ ಫೇಲಾಗುತ್ತವೆ. ತನ್ನಲ್ಲಿನ ಶೇ. 16ರಷ್ಟು ಪರೀಕ್ಷೆಗಳಲ್ಲಿ ಇಂಥ ಚಂಚಲತೆ ಸ್ವಲ್ಪವಾದರೂ ಇದೆಯೆಂದು ಗೂಗಲ್ 2016ರಲ್ಲಿ ಹೇಳಿತ್ತು. ಅಂಥವನ್ನು ಮತ್ತೆ ಮತ್ತೆ ನಡೆಸಬೇಕಾಗುವುದರಿಂದ ಯಂತ್ರದ ಕಾಲ ವ್ಯರ್ಥ. ಅದಕ್ಕಿಂತ ಮಿಗಿಲಾಗಿ, 'ಇದು ಯಾವಾಗಲೂ ಹೀಗೆಯೇ' ಎಂದು ಜನ ನಿಜವಾದ ಎಚ್ಚರಿಕೆಯನ್ನೂ ಕಡೆಗಣಿಸುವ ಅಪಾಯವಿದೆ.

ವೇಗದ ದಾರಿಯಲ್ಲಿ ಕಳ್ಳರು

ಬಿಲ್ಡ್ ಸ್ವಯಂಚಾಲಿತವಾದಷ್ಟೂ ಅದನ್ನು ಮನುಷ್ಯರು ಕಣ್ಣಿಟ್ಟು ನೋಡುವುದು ಕಡಿಮೆಯಾಗುತ್ತದೆ. ಇದರ ಕಹಿಫಲ 2020ರ ಡಿಸೆಂಬರ್‌ನಲ್ಲಿ ಬಯಲಾಯಿತು. ಅಮೆರಿಕದ ಸೋಲಾರ್‌ವಿಂಡ್ಸ್ ಕಂಪನಿಯ ಬಿಲ್ಡ್ ಯಂತ್ರದೊಳಗೆ ನುಸುಳಿದ್ದ ದುಷ್ಟ ತಂತ್ರಾಂಶವೊಂದು, ಬಿಲ್ಡ್ ನಡೆಯುವ ಕ್ಷಣದಲ್ಲಿ ಮಾತ್ರ ಮೂಲ ಕಡತವನ್ನು ಬದಲಿಸಿ, ಮುಗಿದ ಕೂಡಲೇ ಮೊದಲಿನಂತೆ ಇಟ್ಟುಬಿಡುತ್ತಿತ್ತು. ಸಂಕೇತವನ್ನು ಓದಿದವರಿಗೆ ಏನೂ ಕಾಣುತ್ತಿರಲಿಲ್ಲ. ಹೀಗೆ ಕಲುಷಿತಗೊಂಡ ಅಪ್‌ಡೇಟ್ ಸುಮಾರು 18 ಸಾವಿರದಷ್ಟು ಗ್ರಾಹಕ ಸಂಸ್ಥೆಗಳಿಗೆ ತಲುಪಿರಬಹುದೆಂದು ಕಂಪನಿಯೇ ಅಂದಾಜು ಮಾಡಿತು. ಅಮೆರಿಕ ಸರ್ಕಾರದ ಹಲವು ಇಲಾಖೆಗಳೂ ದಾಳಿಗೆ ಗುರಿಯಾದವು.

2024ರ ಮಾರ್ಚ್‌ನಲ್ಲಿ ಬೆಳಕಿಗೆ ಬಂದ 'ಎಕ್ಸ್‌ಜೆಡ್' ಪ್ರಕರಣವೂ ಇದೇ ಜಾತಿಯದು. ಲಿನಕ್ಸ್‌ನಲ್ಲಿ ವ್ಯಾಪಕವಾಗಿ ಬಳಕೆಯಾಗುವ ಆ ಪುಟ್ಟ ತಂತ್ರಾಂಶದ ಬಿಲ್ಡ್ ಸೂಚನೆಗಳಲ್ಲಿ ಯಾರೋ ಕಳ್ಳಬಾಗಿಲನ್ನು ಅಡಗಿಸಿದ್ದರು. ದೂರದ ಯಂತ್ರಕ್ಕೆ ಲಾಗಿನ್ ಆಗಲು ಎಂದಿಗಿಂತ ಅರ್ಧ ಸೆಕೆಂಡು ಹೆಚ್ಚು ಹಿಡಿಯುತ್ತಿರುವುದನ್ನು ಗಮನಿಸಿದ ಎಂಜಿನಿಯರ್ ಆಂಡ್ರೆಸ್ ಫ್ರಾಯಿಂಡ್ ಅದರ ಬೆನ್ನು ಹತ್ತಿ ಈ ಸಂಚನ್ನು ಪತ್ತೆ ಮಾಡಿದರು.

ಹೀಗಾಗಿ ವೇಗದ ಜೊತೆಗೆ ಇನ್ನೊಂದು ಗುಣಕ್ಕೂ ಮಹತ್ವ ಬಂದಿದೆ. ಒಂದೇ ಮೂಲ ಸಂಕೇತದಿಂದ, ಯಾವ ಯಂತ್ರದಲ್ಲಿ ಯಾವ ದಿನ ಬಿಲ್ಡ್ ಮಾಡಿದರೂ ಅಕ್ಷರಶಃ ಒಂದೇ ಫಲಿತಾಂಶ ಬರಬೇಕು. ಡೆಬಿಯನ್ ಬಳಗ 2013ರಿಂದ ಈ ನಿಟ್ಟಿನಲ್ಲಿ ಶ್ರಮಿಸುತ್ತಿದೆ. ಬಿಲ್ಡ್ ಮಾಡಿದ ದಿನಾಂಕವನ್ನು ತಂತ್ರಾಂಶದೊಳಗೆ ಸೇರಿಸುವಂಥ ಸಣ್ಣ ಅಭ್ಯಾಸವೂ ಇದಕ್ಕೆ ಅಡ್ಡಿ. ಫಲಿತಾಂಶ ಒಂದೇ ಆಗಿದ್ದರೆ ಇಬ್ಬರು ಬೇರೆ ಬೇರೆಯಾಗಿ ಬಿಲ್ಡ್ ಮಾಡಿ ತಾಳೆ ನೋಡಬಹುದು. ನಡುವೆ ಯಾರಾದರೂ ಕೈಯಾಡಿಸಿದ್ದರೆ ಸಿಕ್ಕಿಬೀಳುತ್ತಾರೆ. ವಿಶೇಷವೆಂದರೆ ಇದೇ ಗುಣ ವೇಗಕ್ಕೂ ಸಹಕಾರಿ. ಫಲಿತಾಂಶ ಪ್ರತಿ ಬಾರಿಯೂ ಬದಲಾಗುವುದಾದರೆ ಕೂಡಿಟ್ಟ ತುಣುಕುಗಳು ಹೊಂದುವುದಿಲ್ಲ, ಕ್ಯಾಶ್ ನಿಷ್ಪ್ರಯೋಜಕವಾಗುತ್ತದೆ. ನಂಬಿಕೆ ಮತ್ತು ವೇಗ ಇಲ್ಲಿ ಕೈಕೈ ಹಿಡಿದು ನಡೆಯುತ್ತವೆ.

ಮೊದಲು ಅಳೆಯಿರಿ

ಸಾವಿರಾರು ತಂತ್ರಾಂಶ ತಂಡಗಳಿಗೆ ನೆಲೆಯಾಗಿರುವ ಬೆಂಗಳೂರಿಗೆ ಈ ಪಾಠಗಳು ದೂರದವಲ್ಲ. ಇಲ್ಲಿನ ತಂಡಗಳು ಬರೆಯುವ ಸಂಕೇತ ಬೇರೆ ಬೇರೆ ದೇಶಗಳಲ್ಲಿರುವ ಸಹೋದ್ಯೋಗಿಗಳ ಸಂಕೇತದೊಡನೆ ಸೇರಬೇಕಾಗುತ್ತದೆ. ಇಲ್ಲಿ ಸಂಜೆ ಮುರಿದ ಬಿಲ್ಡ್ ಅಲ್ಲಿಯವರ ಬೆಳಗನ್ನು ಕೆಡಿಸುತ್ತದೆ. ಅಲ್ಲಿ ಮುರಿದದ್ದು ಇಲ್ಲಿಯವರ ನಿದ್ದೆಯನ್ನು.

ಈ ಅನುಭವಗಳಿಂದ ಹೊರಡುವ ಕ್ರಮ ಸ್ಪಷ್ಟವಾಗಿದೆ. ಮೊದಲು ಸಮಯ ಎಲ್ಲಿ ಹೋಗುತ್ತಿದೆ ಎಂಬುದನ್ನು ಅಳೆಯಬೇಕು. ಕಡತ ತರುವುದರಲ್ಲೇ, ಕಂಪೈಲ್‌ನಲ್ಲೇ, ಜೋಡಣೆಯಲ್ಲೇ, ಪರೀಕ್ಷೆಯಲ್ಲೇ, ಅಥವಾ ಸರದಿಯಲ್ಲಿ ಸುಮ್ಮನೆ ನಿಲ್ಲುವುದರಲ್ಲೇ? ಅನಂತರ ಬೇಕಿಲ್ಲದ ಕೆಲಸವನ್ನು ಬಿಡಬೇಕು, ಮಾಡಿದ್ದನ್ನು ಕೂಡಿಡಬೇಕು, ಉಳಿದದ್ದನ್ನು ಹಂಚಬೇಕು. ಹೊಸ ಯಂತ್ರದ ಖರೀದಿ ಇವುಗಳ ನಂತರದ ಮಾತು. ಅಳೆಯದೆ ಕೊಂಡ ಯಂತ್ರ, ರೋಗ ತಿಳಿಯದೆ ಕೊಟ್ಟ ಮದ್ದಿನಂತೆ.

ಆದರೆ ಬಿಟ್ಟದ್ದನ್ನು ಬಿಡಬಹುದಿತ್ತೇ ಎಂಬುದಕ್ಕೆ ಆಧಾರವಿರಬೇಕು. ಮುಂದಿನ ಬಾರಿ ಪರದೆಯ ಮೇಲೆ ಅಪ್‌ಡೇಟ್ ಸೂಚನೆ ಬಂದಾಗ ಓದುಗರು ಅದನ್ನು ನಾಳೆಗೆ ದೂಡದಿರುವುದು ಒಳ್ಳೆಯದು. 35 ದಿನಗಳನ್ನು 15ಕ್ಕೆ, 15ನ್ನು ಇನ್ನೂ ಕೆಳಕ್ಕೆ ಇಳಿಸಲು ತಯಾರಕರು ಪಟ್ಟ ಪಾಡೆಲ್ಲವೂ ಕೊನೆಗೆ ನಿಂತಿರುವುದು ಆ ಒಂದು ಒತ್ತುಗುಂಡಿಯ ಮೇಲೆ.